ಐ.ಸಿ.ಯು. ಬೇಡವೆನ್ನುವ ಮೊದಲು

ನಮ್ಮ ಕಡೆಯ ಹುಡುಗನೋ ಹುಡುಗಿಯೋ ವೈದ್ಯಕೀಯ ಕಾಲೇಜು ಸೇರಿದ ದಿನ ಊರಿಗೆಲ್ಲ ಸುದ್ದಿಯಾಗುತ್ತದೆ. ಸಂಘದವರು ಶಾಲು ಹೊದೆಸುತ್ತಾರೆ, ಪತ್ರಿಕೆಯಲ್ಲಿ ಭಾವಚಿತ್ರ ಬರುತ್ತದೆ, ತೋಟದ ದಸ್ತಾವೇಜು ಸದ್ದಿಲ್ಲದೆ ಬ್ಯಾಂಕಿಗೆ ಹೋಗುತ್ತದೆ. ಆಮೇಲೆ ನಾಲ್ಕು ವರ್ಷ ಮನೆಯವರಿಗೆ ಗೊತ್ತಿರುವುದು ಪರೀಕ್ಷೆ ಪಾಸಾಯಿತೋ ಇಲ್ಲವೋ ಎಂಬಷ್ಟೇ. ಆದರೆ ಓದು ಮುಗಿಯುವ ಹೊತ್ತಿಗೆ ಒಂದು ಸಣ್ಣ ಆಯ್ಕೆ ವಿದ್ಯಾರ್ಥಿಯ ಕೈಗೆ ಬರುತ್ತದೆ. ಅದರ ವಿಷಯ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಮಾತಾಡಿದರೂ ಬೇಡದ ಬುದ್ಧಿಯನ್ನೇ ಹೇಳುತ್ತಾರೆ ಎಂಬುದು ಈ ಲೇಖನದ ತಕರಾರು.

ವಿಷಯ ಇಷ್ಟು. 2019ರಲ್ಲಿ ಜಾರಿಗೆ ಬಂದ ಹೊಸ ಪಠ್ಯಕ್ರಮದಲ್ಲಿ ಎಂ.ಬಿ.ಬಿ.ಎಸ್. ವಿದ್ಯಾರ್ಥಿಯು ಕೊನೆಯ ವರ್ಷಕ್ಕೆ ಕಾಲಿಡುವಾಗ ತನಗೆ ಬೇಕಾದ ವಿಭಾಗದಲ್ಲಿ ಕೆಲವು ವಾರ ಕಳೆಯುವ ‘ಎಲೆಕ್ಟಿವ್’ ಎಂಬ ವ್ಯವಸ್ಥೆ ಬಂತು. ಮೊದಲು ಅದಕ್ಕೆ ಎರಡು ತಿಂಗಳಿತ್ತು, ಮುಂದೆ ಮೊಟಕು ಮಾಡಿದರು. ಅನಂತರ ಬರುವುದು ನಾವು ರೂಢಿಯಲ್ಲಿ ಹೌಸ್ ಸರ್ಜನ್ಸಿ ಎನ್ನುವ ಕಡ್ಡಾಯ ಇಂಟರ್ನ್‌ಶಿಪ್. 2021ರ ನವೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಹೊರಡಿಸಿದ ನಿಯಮಾವಳಿಯ ಪ್ರಕಾರ ಇದು 52 ವಾರ. ಸಮುದಾಯ ವೈದ್ಯಕೀಯಕ್ಕೆ 12 ವಾರ, ಹೆರಿಗೆ ಮತ್ತು ಸ್ತ್ರೀರೋಗಕ್ಕೆ 7, ಮೆಡಿಸಿನ್ ಮತ್ತು ಸರ್ಜರಿಗೆ ಆರಾರು. ಅರಿವಳಿಕೆ ಮತ್ತು ತೀವ್ರ ನಿಗಾ ಘಟಕ ಎರಡಕ್ಕೂ ಸೇರಿ ಬರೇ 2 ವಾರ, ಕ್ಯಾಶುವಲ್ಟಿಗೆ ಇನ್ನೆರಡು. ವಿದ್ಯಾರ್ಥಿಯ ಆಯ್ಕೆಗೆ ಬಿಟ್ಟದ್ದು 4 ವಾರ, ಅದರಲ್ಲೂ ಆಯುರ್ವೇದ ಮೊದಲಾದ ದೇಶೀ ಪದ್ಧತಿಗಳಿಗೆ ಒಂದು ಪಾಲು ಹೋಗುತ್ತದೆ. ಹೀಗೆ ಐದೂವರೆ ವರ್ಷದ ಓದಿನಲ್ಲಿ ‘ನಾನು ಇಲ್ಲಿಗೆ ಹೋಗುತ್ತೇನೆ’ ಎಂದು ವಿದ್ಯಾರ್ಥಿಯೇ ಹೇಳಬಹುದಾದ ಕಾಲ ಬೆರಳೆಣಿಕೆಯ ವಾರಗಳು ಮಾತ್ರ.

ಆ ವಾರಗಳನ್ನು ಎಲ್ಲಿ ಕಳೆಯಬೇಕು? ಮನೆಯಿಂದ ಬರುವ ಸಲಹೆ ಎಲ್ಲರಿಗೂ ಗೊತ್ತು. “ಚರ್ಮದ ವಿಭಾಗಕ್ಕೆ ಹಾಕಿಸಿಕೊ ಮಗಳೇ, ರಾತ್ರಿ ಡ್ಯೂಟಿ ಇಲ್ಲ.” “ಕಣ್ಣಿನ ವಿಭಾಗ ಸುಲಭವಂತೆ, ಓದಿಕೊಳ್ಳಲು ಹೊತ್ತು ಸಿಗುತ್ತದೆ.” ಐ.ಸಿ.ಯು. ಎಂದರೆ ತಾಯಿಯ ಮುಖ ಬಾಡುತ್ತದೆ: “ಅಲ್ಲಿ ದಿನಾ ಸಾವು ನೋಡಬೇಕಲ್ಲ ಮಗಾ?” ತಂದೆಯ ಲೆಕ್ಕ ಬೇರೆ. ಮುಂದಿನ ಸ್ನಾತಕೋತ್ತರ ಪ್ರವೇಶ ಪರೀಕ್ಷೆಗೆ ಒಂದು ತಿಂಗಳು ಉಳಿದರೆ ಅಷ್ಟೇ ಲಾಭ ಎಂಬುದು ಅವರ ಎಣಿಕೆ. ಈ ಎರಡು ಮಾತುಗಳನ್ನೂ ಪ್ರೀತಿಯಿಂದಲೇ ಆಡುತ್ತಾರೆ, ಅದರಲ್ಲಿ ಸಂಶಯವಿಲ್ಲ. ಆದರೂ ನಮ್ಮ ಜಿಲ್ಲೆಯ, ಅದರಲ್ಲೂ ಗಡಿ ಭಾಗದ ಕನ್ನಡ ಕುಟುಂಬಗಳು ಈ ಸಲಹೆ ಕೊಡುವ ಮೊದಲು ಎರಡು ಸಲ ಯೋಚಿಸಬೇಕೆಂದು ನನಗೆ ತೋರುತ್ತದೆ. ಯಾಕೆಂದರೆ ಐ.ಸಿ.ಯು. ಇಲ್ಲದೆ ಹೋದರೆ ಏನಾಗುತ್ತದೆ ಎಂಬುದನ್ನು ಈ ಭಾಗದವರು ಕಂಡಷ್ಟು ಹತ್ತಿರದಿಂದ ಬೇರೆಯವರು ಕಂಡದ್ದು ಕಡಿಮೆ.

2020ರ ಫೆಬ್ರವರಿ 3ರಂದು ಭಾರತದ ಮೂರನೆಯ ಕೋವಿಡ್ ಪ್ರಕರಣ ದೃಢಪಟ್ಟದ್ದು ನಮ್ಮ ಜಿಲ್ಲೆಯಲ್ಲಿ. ಚೀನದ ವುಹಾನಿನಿಂದ ಮರಳಿದ ವೈದ್ಯಕೀಯ ವಿದ್ಯಾರ್ಥಿಯೊಬ್ಬರನ್ನು ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ಇಟ್ಟು ಗುಣಪಡಿಸಿದರು. ಆ ಮಟ್ಟಿಗೆ ಸರಕಾರಿ ಆಸ್ಪತ್ರೆಗೆ ಶಹಬಾಸ್ ಹೇಳಲೇಬೇಕು. ಆದರೆ ಮಾರ್ಚ್ ಕೊನೆಯ ಹೊತ್ತಿಗೆ ಕರ್ನಾಟಕವು ಗಡಿ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿದರು. ತಲಪಾಡಿಯಿಂದ ಮಂಗಳೂರಿಗೆ ಹದಿನೇಳು ಕಿಲೋಮೀಟರು; ಆ ಹದಿನೇಳು ಕಿಲೋಮೀಟರು ದಾಟಲಾಗದೆ, ಡಯಾಲಿಸಿಸ್ ಬೇಕಾದವರು, ಎದೆನೋವು ಬಂದವರು ಅಂಬುಲೆನ್ಸಿನಲ್ಲೇ ಹಿಂದೆ ತಿರುಗಿದರು. ಹಲವರು ಉಳಿಯಲಿಲ್ಲ. ಏಪ್ರಿಲ್ 1ರಂದು ಕೇರಳ ಹೈಕೋರ್ಟು ಆದೇಶ ಕೊಟ್ಟಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಏಪ್ರಿಲ್ 7ಕ್ಕೆ ರೋಗಿಗಳನ್ನು ಬಿಡುವ ಒಂದು ಕ್ರಮಕ್ಕೆ ಎರಡು ಸರಕಾರಗಳೂ ಒಪ್ಪಿದವು. ಭಾಷೆಯಿಂದ ಕನ್ನಡಿಗರು, ಕಾಗದದಲ್ಲಿ ಕೇರಳದವರು, ಕಾಯಿಲೆ ಬಂದರೆ ಮಂಗಳೂರಿನವರು: ಈ ಮೂರು ನೆಲೆಗಳ ನಡುವೆ ನಾವು ಹೇಗೆ ತೂಗಾಡುತ್ತಿದ್ದೇವೆ ಎಂಬುದು ಆ ಹದಿನೈದು ದಿನಗಳಲ್ಲಿ ಬಟಾಬಯಲಾಯಿತು.

ಗಡಿ ತೆರೆಯಿತು, ಜನ ಮರೆತರು. ಆದರೆ ದೂರ ಕಡಿಮೆಯಾಗಲಿಲ್ಲ. ದೇಲಂಪಾಡಿ, ಬೆಳ್ಳೂರು, ಕುಂಬ್ಡಾಜೆ, ಎಣ್ಮಕಜೆ, ಪೈವಳಿಕೆ, ಮೀಂಜ, ವರ್ಕಾಡಿ – ಈ ಪಂಚಾಯತುಗಳ ಗುಡ್ಡೆ ಬದಿಯ ಮನೆಗಳಿಂದ ವೆಂಟಿಲೇಟರು ಇರುವ ಹಾಸಿಗೆಗೆ ತಲಪಲು ಇಂದಿಗೂ ಹೊತ್ತು ಬೇಕು. ಉತ್ತರಕ್ಕೆ ಮಂಗಳೂರು, ತೆಂಕಿಗೆ ಪಯ್ಯನ್ನೂರು ದಾಟಿ ಪರಿಯಾರಂ. ಆ ಹೊತ್ತಿನಲ್ಲಿ ರೋಗಿಯ ಪಕ್ಕದಲ್ಲಿ ಇರುವವನು ಯಾರು? ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯ, ಇಲ್ಲವೆ ಪೇಟೆಯ ಸಣ್ಣ ಆಸ್ಪತ್ರೆಯ ಎಂ.ಬಿ.ಬಿ.ಎಸ್. ತೀವ್ರ ನಿಗಾ ಘಟಕದಲ್ಲಿ ನಾಲ್ಕು ವಾರ ನಿಂತವನಿಗೂ ನಿಲ್ಲದವನಿಗೂ ವ್ಯತ್ಯಾಸ ಕಾಣುವುದು ಅಲ್ಲಿ. ನನ್ನ ವಾದದ ತಿರುಳು ಇದೇ. ಮಕ್ಕಳೆಲ್ಲ ಐ.ಸಿ.ಯು. ತಜ್ಞರಾಗಬೇಕೆಂದು ನಾನು ಹೇಳುತ್ತಿಲ್ಲ. ಐ.ಸಿ.ಯು. ಇಲ್ಲದ ಊರಿನಲ್ಲಿ ಕೆಲಸ ಮಾಡಲಿರುವವರೇ ಮೊದಲು ಅದನ್ನು ನೋಡಿಕೊಂಡು ಬರಬೇಕು.

ಒಂದೆರಡು ಉದಾಹರಣೆ ಕೊಡದೆ ಇದು ತಿಳಿಯದು. ಹಾವು ಕಚ್ಚಿದ ಪ್ರಕರಣವನ್ನೇ ತೆಗೆದುಕೊಳ್ಳಿ. ನಮ್ಮ ತೋಟಗಳಲ್ಲಿ ಕನ್ನಡಿ ಹಾವಿಗೆ, ಘಟ್ಟದ ಮೇಲಿನವರು ಕೊಳಕುಮಂಡಲ ಎನ್ನುವ ಆ ಜಾತಿಗೆ ಬರವಿಲ್ಲ. ಅದರ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ತೆಗೆಯುತ್ತದೆ. ಇದನ್ನು ಪತ್ತೆ ಮಾಡಲು ದೊಡ್ಡ ಯಂತ್ರ ಬೇಡ: ಶುಭ್ರವಾದ ಒಣ ಗಾಜಿನ ನಳಿಕೆಗೆ ಸ್ವಲ್ಪ ರಕ್ತ ತೆಗೆದು, ಅಲುಗಾಡಿಸದೆ ಇಪ್ಪತ್ತು ನಿಮಿಷ ಇಟ್ಟು, ಓರೆ ಮಾಡಿ ನೋಡಿದರೆ ಸಾಕು. ಹೆಪ್ಪುಗಟ್ಟದೆ ಹರಿದರೆ ವಿಷ ಏರಿದೆ, ಪ್ರತಿವಿಷ ಕೊಡಬೇಕು. ಪರೀಕ್ಷೆಗೆ ಬರೆಯಲು ಇದನ್ನು ಎಲ್ಲ ವಿದ್ಯಾರ್ಥಿಗಳೂ ಕಂಠಪಾಠ ಮಾಡಿದ್ದಾರೆ. ಆದರೆ ಆ ಇಪ್ಪತ್ತು ನಿಮಿಷ ಕೈಗಡಿಯಾರ ನೋಡುತ್ತಾ ನಿಂತವರು, ನೆಂಟರ ಗಲಾಟೆಯ ನಡುವೆ ಧೈರ್ಯದಿಂದ ಪ್ರತಿವಿಷ ಹನಿಸಿದವರು, ಅದರಿಂದಲೇ ಮೈಮೇಲೆ ದದ್ದು ಎದ್ದು ರಕ್ತದೊತ್ತಡ ಕುಸಿದಾಗ ಅಡ್ರಿನಲಿನ್ ಕೊಟ್ಟು ಮತ್ತೆ ಮುಂದುವರಿಸಿದವರು ಎಷ್ಟು ಮಂದಿ? ಈ ಕೆಲಸವನ್ನು ಒಮ್ಮೆ ಹಿರಿಯರ ಬಳಿ ನಿಂತು ಮಾಡಿದವನು ಊರಿನಲ್ಲಿ ಅದನ್ನು ಮಾಡಿಯಾನು. ಮಾಡದವನು ‘ಮಂಗಳೂರಿಗೆ ಕೊಂಡುಹೋಗಿ’ ಎಂದು ಚೀಟಿ ಬರೆಯುತ್ತಾನೆ, ವಿಷ ಕಾರಿನಲ್ಲಿ ಏರುತ್ತಾ ಹೋಗುತ್ತದೆ.

ನಾಗರಹಾವು, ಕಟ್ಟುಹಾವುಗಳ ವಿಷದ ರೀತಿ ಬೇರೆ, ಅದು ನರಗಳನ್ನು ಹಿಡಿಯುತ್ತದೆ. ರೆಪ್ಪೆ ಜೋಲುತ್ತದೆ, ನಾಲಿಗೆ ತೊದಲುತ್ತದೆ, ಕೊನೆಗೆ ಉಸಿರಾಟದ ಸ್ನಾಯು ಸೋಲುತ್ತದೆ. ನೋಡಿದವರಿಗೆ ಹೆಣದಂತೆ ಕಾಣುವ ಆ ಮನುಷ್ಯನಿಗೆ ಒಳಗೆ ಪ್ರಜ್ಞೆ ಇರಬಹುದು, ಸುತ್ತಲಿನವರ ಮಾತು ಕೇಳಿಸುತ್ತಿರಬಹುದು. ಅವನಿಗೆ ಬೇಕಾದ್ದು ಉಸಿರು. ಒಬ್ಬ ವೈದ್ಯ ಅಂಬುಲೆನ್ಸಿನಲ್ಲಿ ಕುಳಿತು ಮಂಗಳೂರಿನವರೆಗೆ ಕೈಚೀಲ ಒತ್ತುತ್ತಾ ಹೋದರೆ, ಕೆಲವು ದಿನ ವೆಂಟಿಲೇಟರಿನಲ್ಲಿ ಇದ್ದು, ಆತ ನಡೆದುಕೊಂಡು ಮನೆಗೆ ಬರುವ ಸಂಭವವಿದೆ. ಹೀಗೆ ಸತ್ತಂತಿದ್ದವನು ಎದ್ದು ಕುಳಿತುದನ್ನು ಕಣ್ಣಾರೆ ಕಂಡ ವಿದ್ಯಾರ್ಥಿ ಮುಂದೆ ಯಾವ ರೋಗಿಯ ಕೈಯನ್ನೂ ಬೇಗ ಬಿಡಲಾರ.

ಇನ್ನು ಮಳೆಗಾಲದ ಇಲಿಜ್ವರ. ತೋಟದಲ್ಲಿ, ಗದ್ದೆಯಲ್ಲಿ ಕೆಲಸ ಮಾಡುವವರಿಗೆ ಬರುವ ಈ ಜ್ವರ ಬಹುಪಾಲು ಮಾತ್ರೆಯಲ್ಲೇ ಇಳಿಯುತ್ತದೆ, ಕೆಲವರಲ್ಲಿ ಮಾತ್ರ ಎರಡು ದಿನದೊಳಗೆ ಮೂತ್ರಪಿಂಡ, ಶ್ವಾಸಕೋಶಗಳಿಗೆ ಏರುತ್ತದೆ. ಆ ಕೆಲವರು ಯಾರು ಎಂದು ಮೊದಲೇ ಗುರುತಿಸುವುದು ಹೇಗೆ? ಐ.ಸಿ.ಯು.ವಿನ ಹಿರಿಯರನ್ನು ಕೇಳಿದರೆ ಅವರು ಹೇಳುವ ಉತ್ತರ ನಮ್ಮನ್ನು ಬೆರಗುಗೊಳಿಸುತ್ತದೆ: ಉಸಿರು ಎಣಿಸು, ಪೂರ್ತಿ ಒಂದು ನಿಮಿಷ ಎಣಿಸು. ಸಾಮಾನ್ಯ ವಾರ್ಡುಗಳ ಕಾಗದದಲ್ಲಿ ಎಲ್ಲ ರೋಗಿಗಳೂ ಒಂದೇ ಲೆಕ್ಕದಲ್ಲಿ ಉಸಿರಾಡುತ್ತಿರುತ್ತಾರೆ, ಯಾರೂ ಎಣಿಸಿರುವುದಿಲ್ಲ. ಎಣಿಸಿದರೆ ಕಾಗದಕ್ಕಿಂತ ಮೊದಲೇ ರೋಗಿ ಸತ್ಯ ಹೇಳುತ್ತಾನೆ. ಗಂಟೆಗೆ ಎಷ್ಟು ಮೂತ್ರ ಬಂತು, ಕೈಕಾಲು ತಣ್ಣಗಿದೆಯೇ, ಮಾತು ಸ್ವಲ್ಪ ಅಸ್ತವ್ಯಸ್ತವಾಗಿದೆಯೇ – ಈ ಸಣ್ಣಪುಟ್ಟ ಕುರುಹುಗಳನ್ನು ಲಕ್ಷ್ಯವಿಟ್ಟು ನೋಡುವ ಅಭ್ಯಾಸ ಆ ಕೋಣೆಯಲ್ಲಿ ಬರುವಷ್ಟು ಬೇರೆಲ್ಲೂ ಬಾರದು. ಬೆಲ್ಜಿಯಂನ ವೈದ್ಯ ಜಾನ್ ಲೂಯಿ ವಿನ್ಸೆಂಟರು 2005ರಲ್ಲಿ ‘ಫಾಸ್ಟ್ ಹಗ್’ ಎಂಬ ಏಳಂಶದ ಪಟ್ಟಿಯೊಂದನ್ನು ಪ್ರಚಾರಕ್ಕೆ ತಂದರು. ಆಹಾರ ಹೋಯಿತೇ, ನೋವು ಇಳಿದಿದೆಯೇ, ನಿದ್ದೆಮದ್ದು ಹೆಚ್ಚಾಯಿತೇ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ನೋಡಿದೆಯೇ, ತಲೆಭಾಗ ಎತ್ತರದಲ್ಲಿದೆಯೇ, ಹೊಟ್ಟೆಹುಣ್ಣಿಗೆ ತಡೆ ಇದೆಯೇ, ಸಕ್ಕರೆ ಎಷ್ಟು ಎಂದು ಪ್ರತಿ ಹಾಸಿಗೆಯ ಬಳಿ ದಿನವೂ ಕೇಳಿಕೊಳ್ಳುವ ಪಟ್ಟಿ ಅದು. ಬುದ್ಧಿವಂತ ಅಜ್ಜಿಯೊಬ್ಬಳು ಹಾಸಿಗೆ ಹಿಡಿದ ಅಜ್ಜನಿಗೆ ಮಾಡುತ್ತಿದ್ದ ವಿಚಾರಣೆಗೂ ಇದಕ್ಕೂ ಬಹಳ ಅಂತರವಿಲ್ಲ ಎಂದರೆ ತಜ್ಞರು ಸಿಟ್ಟಾಗಲಾರರು ಎಂದುಕೊಳ್ಳುತ್ತೇನೆ.

ಲಕ್ಷ್ಯವಿಟ್ಟು ನೋಡುವ ಹಳ್ಳಿಯ ವೈದ್ಯನೊಬ್ಬ ಏನು ಮಾಡಬಲ್ಲ ಎಂಬುದಕ್ಕೆ ನಮಗೆ ದೂರದ ಸಾಕ್ಷಿ ಬೇಡ. ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದಾಗ, ಒಂದೇ ಬಗೆಯ ಕಾಯಿಲೆಗಳು ಒಂದೇ ಊರಿನಲ್ಲಿ ಯಾಕೆ ಕಾಣುತ್ತಿವೆ ಎಂದು ಮೊದಲು ಕೇಳಿದವರು ಪಡ್ರೆಯ ವಾಣಿನಗರದ ಡಾ. ವೈ. ಎಸ್. ಮೋಹನ ಕುಮಾರರು. ಅವರ ಬಳಿ ಇದ್ದದ್ದು ಸ್ಟೆತೋಸ್ಕೋಪು ಮತ್ತು ರೋಗಿಗಳ ಮನೆಯ ಪರಿಚಯ.

ಐ.ಸಿ.ಯು. ಎಂಬುದು ಯಂತ್ರಗಳಿಂದ ಹುಟ್ಟಿತೆಂದು ನಮ್ಮಲ್ಲಿ ಒಂದು ತಿಳಿವಳಿಕೆ ಇದೆ. ನಿಜಕ್ಕೂ ಅದು ವಿದ್ಯಾರ್ಥಿಗಳ ಕೈಯಲ್ಲಿ ಬೆಳೆದದ್ದು. 1952ರ ಬೇಸಗೆಯಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರಕ್ಕೆ ಪೋಲಿಯೊ ಬಡಿಯಿತು. ಉಸಿರಾಟವೇ ನಿಂತ ರೋಗಿಗಳಿಗೆ ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಇದ್ದದ್ದು ಬೆರಳೆಣಿಕೆಯ ಯಂತ್ರಗಳು. ಅವುಗಳ ಸಹಾಯ ಪಡೆದ ಮೊದಲ 31 ಮಂದಿಯಲ್ಲಿ 27 ಮಂದಿ ತೀರಿಕೊಂಡರು. ಆಗಸ್ಟ್ 27ರಂದು ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು ಹನ್ನೆರಡು ವರ್ಷದ ಹುಡುಗಿಯೊಬ್ಬಳ ಕುತ್ತಿಗೆಯಲ್ಲಿ ರಂಧ್ರ ಮಾಡಿಸಿ, ಕೊಳವೆ ಇರಿಸಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಉಸಿರು ಕೊಟ್ಟರು. ಹುಡುಗಿ ಬದುಕಿದಳು. ಆದರೆ ಹಗಲೂ ರಾತ್ರಿ ಚೀಲ ಒತ್ತುವವರು ಯಾರು? ವೈದ್ಯಕೀಯ ವಿದ್ಯಾರ್ಥಿಗಳನ್ನು ಕರೆದರು. ಸರದಿಯ ಮೇಲೆ ಸುಮಾರು 1500 ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಬಂದು ಒಬ್ಬೊಬ್ಬ ರೋಗಿಯ ತಲೆದೆಸೆಯಲ್ಲಿ ಕುಳಿತರು; ಮಕ್ಕಳಿಗೆ ಕಥೆ ಓದಿದರು, ಚೀಲ ಒತ್ತಿದರು. ಒಂದು ಹಂತದಲ್ಲಿ ಏಕಕಾಲಕ್ಕೆ ಎಪ್ಪತ್ತು ಮಂದಿ ಹೀಗೆ ಪರರ ಕೈಯಿಂದ ಉಸಿರಾಡುತ್ತಿದ್ದರಂತೆ. ನೂರರಲ್ಲಿ ಎಂಬತ್ತಕ್ಕೂ ಮೇಲಿದ್ದ ಸಾವು ಅರ್ಧಕ್ಕಿಂತ ಕೆಳಗಿಳಿಯಿತು. ಮರುವರ್ಷ ಇಬ್ಸೆನ್ ಅದೇ ನಗರದಲ್ಲಿ ಇಂಥ ರೋಗಿಗಳಿಗಾಗಿಯೇ ಪ್ರತ್ಯೇಕ ಘಟಕ ತೆರೆದರು. ಭಾರತದಲ್ಲಿ ಈ ವಿಭಾಗದ ತಜ್ಞರು ತಮ್ಮದೊಂದು ಸಂಘ ಕಟ್ಟಿಕೊಂಡದ್ದು 1993ರಲ್ಲಿ.

ಈಗ ಭಾಷೆಯ ಮಾತಿಗೆ ಬರುತ್ತೇನೆ. ಇದು ನಮಗೆ ಬೇರೆಯವರಿಗಿಂತ ಹೆಚ್ಚು ತಟ್ಟುವ ವಿಷಯ. ಐ.ಸಿ.ಯು.ವಿನ ಬಾಗಿಲಲ್ಲಿ ಕುಳಿತವರಿಗೆ ಒಳಗಿನಿಂದ ಬರುವುದು ಎರಡು ವಸ್ತು: ಔಷಧದ ಚೀಟಿ ಮತ್ತು ಸಹಿಗೆ ಕಾಗದ. ಕಾಗದ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇರುತ್ತದೆ. ಕನ್ನಡ ಶಾಲೆಯಲ್ಲಿ ಏಳನೆಯ ತರಗತಿ ಓದಿದ ಎಪ್ಪತ್ತರ ಅಜ್ಜಿ, ಮನೆಯಲ್ಲಿ ತುಳುವೋ ಹವ್ಯಕವೋ ಮರಾಟಿಯೋ ಆಡುವವಳು, ತನ್ನ ಗಂಡನ ಗಂಟಲಿಗೆ ಕೊಳವೆ ಇಳಿಸಲು ಒಪ್ಪಿಗೆ ಎಂದು ಹೆಬ್ಬೆಟ್ಟೊತ್ತುತ್ತಾಳೆ. ಏನು ಒಪ್ಪಿದೆನೆಂದು ಅವಳಿಗೆ ಗೊತ್ತಿಲ್ಲ. ಮಂಗಳೂರಿನಲ್ಲೂ ಸ್ಥಿತಿ ಬಹಳ ಬೇರೆಯಲ್ಲ. ರಾತ್ರಿ ಪಾಳಿಯ ಎಳೆಯ ವೈದ್ಯರು ದೇಶದ ಯಾವ ಮೂಲೆಯವರೂ ಆಗಿರಬಹುದು. ಅಂಥಲ್ಲಿ ಕನ್ನಡ, ತುಳು, ಮಲಯಾಳ ಮೂರೂ ಬಲ್ಲ ನಮ್ಮ ಹುಡುಗಿಯೊಬ್ಬಳು ಬಿಳಿ ಕೋಟು ಹಾಕಿ ನಿಂತರೆ ಆ ಬಾಗಿಲಿನ ಎರಡೂ ಬದಿಗೆ ಉಪಕಾರ. ನಮ್ಮ ಮಕ್ಕಳ ಮೂರು-ನಾಲ್ಕು ಭಾಷೆಯನ್ನು ಸಂದರ್ಶನದಲ್ಲಿ ಯಾರೂ ಅಂಕ ಕೊಟ್ಟು ಅಳೆಯುವುದಿಲ್ಲ. ಆದರೆ ತೀವ್ರ ನಿಗಾ ಘಟಕದಲ್ಲಿ ಅದು ಒಂದು ಔಷಧಕ್ಕೆ ಸಮ. “ಅಮ್ಮಾ, ಇವರ ಉಸಿರು ಸೋತಿದೆ, ಯಂತ್ರದಿಂದ ಉಸಿರು ಕೊಡುತ್ತೇವೆ, ಮೂರು ದಿನದಲ್ಲಿ ಏನೆಂದು ಗೊತ್ತಾಗುತ್ತದೆ” – ಇಷ್ಟನ್ನು ಮನೆಮಾತಿನಲ್ಲಿ ಹೇಳುವವರಿದ್ದರೆ ಜಗಳದ ಅರ್ಧಪಾಲು ಹುಟ್ಟುವುದೇ ಇಲ್ಲ.

ಕಷ್ಟವಾದ ಸುದ್ದಿ ಹೇಳುವುದನ್ನು ಕಲಿಯುವುದೂ ಇಲ್ಲೇ. ಎಲ್ಲ ರೋಗಿಗಳೂ ಬದುಕುವುದಿಲ್ಲ. ಬದುಕದವರನ್ನು ಯಂತ್ರಕ್ಕೆ ಕಟ್ಟಿ ವಾರಗಟ್ಟಲೆ ಇರಿಸಿ, ಮನೆಯವರು ಬಂಗಾರ ಅಡವಿಟ್ಟು, ಕೊನೆಗೆ ತೋಟ ಮಾರುವ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ನಮ್ಮವರಿಗೆ ಇನ್ನೊಂದು ಆಸೆಯೂ ಇದೆ: ಪ್ರಾಣ ಹೋಗುವುದು ಮನೆಯಲ್ಲಾಗಲಿ, ಮಕ್ಕಳ ಕೈಯಿಂದ ಒಂದು ಚಮಚ ನೀರು ಬಾಯಿಗೆ ಬೀಳಲಿ. ಹಿಂದೂ ಮುಸಲ್ಮಾನ ಕ್ರೈಸ್ತ ಎನ್ನದೆ ಎಲ್ಲರಲ್ಲೂ ಇರುವ ಆಸೆ ಇದು. ಕಾನೂನೂ ಈಗ ಮೊದಲಿನಂತೆ ಮೌನವಾಗಿಲ್ಲ. ಹೊನ್ನಾವರದ ಹಳದಿಪುರದಿಂದ ಮುಂಬಯಿಗೆ ಹೋಗಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗರು 1973ರ ನವೆಂಬರಿನಲ್ಲಿ ಹಲ್ಲೆಗೊಳಗಾಗಿ, 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೆ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅವರ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟು ಎತ್ತಿದ ಪ್ರಶ್ನೆಗೆ 2018ರ ಮಾರ್ಚ್ 9ರಂದು ಸಂವಿಧಾನ ಪೀಠ ಉತ್ತರಿಸಿತು: ಘನತೆಯಿಂದ ಸಾಯುವುದೂ ಬದುಕಿನ ಹಕ್ಕಿನ ಒಂದು ಅಂಗ, ಗುಣವಾಗುವ ಭರವಸೆಯಿಲ್ಲದಾಗ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡಬಹುದು. 2023ರಲ್ಲಿ ಅದರ ಕ್ರಮವನ್ನು ಸರಳಗೊಳಿಸಿದರು. ಇದನ್ನು ನಮ್ಮ ಊರಿನ ಎಷ್ಟು ಮನೆಗಳಿಗೆ ಯಾರು ವಿವರಿಸಿದ್ದಾರೆ? ಕುಟುಂಬ ವೈದ್ಯನೇ ವಿವರಿಸಬೇಕು. ಅವನು ಒಮ್ಮೆಯಾದರೂ ಆ ಕೋಣೆಯೊಳಗೆ ನಿಂತು, ಹಿರಿಯ ವೈದ್ಯರು ಆ ಮಾತನ್ನು ಹೇಗೆ ಆಡುತ್ತಾರೆಂದು ಕೇಳಿರಬೇಕು.

ಎದುರು ಮಾತುಗಳಿಲ್ಲವೆಂದಲ್ಲ. ಪ್ರವೇಶ ಪರೀಕ್ಷೆಯ ಒತ್ತಡ ನಿಜ; ಪರೀಕ್ಷೆಗೆ ಒಂದೇ ತಿಂಗಳು ಉಳಿದಿರುವಾಗ ಐ.ಸಿ.ಯು. ಆರಿಸುವುದು ಅವಿವೇಕ, ವರ್ಷದ ಮೊದಲ ಭಾಗದಲ್ಲೇ ಕೇಳಿಕೊಳ್ಳಬೇಕು. ಸಾವು ನೋಡಿ ಮಗುವಿನ ಮನಸ್ಸು ಕುಗ್ಗುತ್ತದೆ ಎಂಬ ತಾಯಿಯ ಭಯವೂ ಹುಸಿಯಲ್ಲ. ಕೆಲವರಿಗೆ ನಿದ್ದೆ ಕೆಡುತ್ತದೆ. ಅಂಥವರು ಮನೆಗೆ ಫೋನು ಮಾಡಿದಾಗ “ಊಟ ಆಯಿತಾ?” ಎಂದಷ್ಟೇ ಕೇಳಿ ಇಡಬಾರದು. ಇನ್ನು ಎಲ್ಲ ಐ.ಸಿ.ಯು.ಗಳೂ ಕಲಿಸುವ ಜಾಗಗಳಲ್ಲ. ಹೌಸ್ ಸರ್ಜನ್ನರನ್ನು ರಕ್ತದ ಸೀಸೆ ಲ್ಯಾಬಿಗೆ ಒಯ್ಯಲು, ಫೈಲು ಹುಡುಕಲು ಮಾತ್ರ ಬಳಸುವ ಕಡೆಗಳೂ ಇವೆ. ಆದುದರಿಂದ ಆರಿಸುವ ಮೊದಲು ಹಿಂದಿನ ವರ್ಷದವರನ್ನು ವಿಚಾರಿಸಬೇಕು: ಬೆಳಗ್ಗಿನ ರೌಂಡ್ಸಿನಲ್ಲಿ ಹಾಸಿಗೆಯ ಬಳಿ ಪಾಠ ನಡೆಯುತ್ತದೆಯೇ, ರಾತ್ರಿ ಹಿರಿಯರು ಇರುತ್ತಾರೆಯೇ, ಮನೆಯವರೊಡನೆ ಮಾತಾಡುವಾಗ ವಿದ್ಯಾರ್ಥಿಯನ್ನು ಪಕ್ಕದಲ್ಲಿ ನಿಲ್ಲಿಸುತ್ತಾರೆಯೇ ಎಂದು. ಹೊಳೆಯುವ ಗಾಜಿನ ಬಾಗಿಲಿಗಿಂತ, ಮಂಗಳೂರಿನ ವೆನ್ಲಾಕಿನಂಥ, ಬಡವರೇ ಹೆಚ್ಚಾಗಿ ಬರುವ ಹಳೆಯ ಸರಕಾರಿ ಆಸ್ಪತ್ರೆಯಲ್ಲಿ ಕೈಗೆ ಹೆಚ್ಚು ಕೆಲಸ ಸಿಗುತ್ತದೆ ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಇರಬಹುದು.

ಕೊನೆಯದಾಗಿ ನಮ್ಮ ಉಕ್ಕಿನಡ್ಕದ ವಿಷಯ. ಬದಿಯಡ್ಕ-ಪೆರ್ಲ ರಸ್ತೆಯ ಬದಿಯಲ್ಲಿ ಸರಕಾರಿ ಮೆಡಿಕಲ್ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರ ನವೆಂಬರಿನಲ್ಲಿ. ಕಟ್ಟಡ ವರ್ಷಗಟ್ಟಲೆ ಕುಂಟಿತು. 2020ರ ಏಪ್ರಿಲಿನಲ್ಲಿ, ಗಡಿ ಮುಚ್ಚಿದ ಆ ದಿನಗಳಲ್ಲಿ, ತಿರುವನಂತಪುರದಿಂದ ವೈದ್ಯರ ತಂಡ ಬಂದು ಅಲ್ಲಿ ಅವಸರದಲ್ಲಿ ಕೋವಿಡ್ ಆಸ್ಪತ್ರೆ ತೆರೆಯಿತು. ಅದೇ ವರ್ಷ ಚಟ್ಟಂಚಾಲಿನ ಬಳಿಯ ತೆಕ್ಕಿಲಿನಲ್ಲಿ ಟಾಟಾ ಸಂಸ್ಥೆ ಐನೂರಕ್ಕೂ ಹೆಚ್ಚು ಹಾಸಿಗೆಗಳ ಆಸ್ಪತ್ರೆ ಕಟ್ಟಿ ಕೊಟ್ಟಿತು. ಸೋಂಕು ಇಳಿದ ಮೇಲೆ ಅದರ ಬಳಕೆ ತಪ್ಪಿತು. 2025ರ ಸೆಪ್ಟೆಂಬರಿನಲ್ಲಿ ಉಕ್ಕಿನಡ್ಕದ ಕಾಲೇಜಿಗೆ 50 ಎಂ.ಬಿ.ಬಿ.ಎಸ್. ಸೀಟುಗಳ ಅನುಮತಿ ದೊರೆಯಿತು. ಈ ಮೊದಲ ತಂಡ ಹೌಸ್ ಸರ್ಜನ್ಸಿಗೆ ಬರುವುದು 2030ರ ಸುಮಾರಿಗೆ. ನಿಯಮದ ಪ್ರಕಾರ ಎರಡು ವಾರ ಅವರನ್ನು ತೀವ್ರ ನಿಗಾ ಘಟಕದಲ್ಲಿ ನಿಲ್ಲಿಸಬೇಕು. ಇಷ್ಟಪಟ್ಟವರಿಗೆ ಇನ್ನೂ ಕೆಲವು ವಾರ ಕೊಡಬೇಕು. ನಿಲ್ಲಿಸಲು ಘಟಕ ಬೇಕಲ್ಲ! ಅಷ್ಟರೊಳಗೆ ಅಲ್ಲಿ ವೆಂಟಿಲೇಟರು ಸಹಿತ ಎಷ್ಟು ಹಾಸಿಗೆ ಸಿದ್ಧವಾಗುತ್ತದೆ, ಆ ಹಾಸಿಗೆಗಳ ಬಳಿ ಹಗಲೂ ರಾತ್ರಿ ಕನ್ನಡ ಬಲ್ಲ ವೈದ್ಯರು, ದಾದಿಯರು ಎಷ್ಟು ಮಂದಿ ಇರುತ್ತಾರೆ, ಒಪ್ಪಿಗೆಯ ಕಾಗದ ಕನ್ನಡದಲ್ಲಿ ಅಚ್ಚಾಗುತ್ತದೆಯೇ? ನಮ್ಮ ಶಾಸಕರನ್ನೂ ಜಿಲ್ಲಾ ಪಂಚಾಯತಿನ ಸದಸ್ಯರನ್ನೂ ಸಮಾರಂಭಗಳಿಗೆ ಕರೆದು ಹಾರ ಹಾಕುವ ಸಂಘಗಳು ಮುಂದಿನ ಸಲ ಈ ಮೂರು ಪ್ರಶ್ನೆಗಳನ್ನು ಬರೆದು ಅವರ ಕೈಗೆ ಕೊಡಲಿ, ಉತ್ತರವನ್ನೂ ಬರಹದಲ್ಲೇ ಪಡೆಯಲಿ.